ಆಪ್ತವಾಕ್ಯವೂ ಒಳಸಂಚಿನ ವಾದವೂ

2001ನೆಯ ಇಸವಿ ಸೆಪ್ಟೆಂಬರ್ 11ರಂದು ಅಮೇರಿಕಾ ದೇಶದಲ್ಲಿ 19 ಮಂದಿ ಭಯೋತ್ಪಾದಕರು 4 ವಿಮಾನಗಳನ್ನು ಅಪಹರಿಸಿ 2,977 ಜನರನ್ನು ಕೊಂದ ವೃತ್ತಾಂತವು ಸರ್ವವಿದಿತವು. ಈ ವಿಷಯದಲ್ಲಿ ವಿಚಾರಣಾ ಆಯೋಗವು 2004ನೆಯ ಜುಲೈ ತಿಂಗಳಲ್ಲಿ ಪ್ರಕಟಿಸಿದ 13 ಅಧ್ಯಾಯಗಳ ವರದಿಯು ಆ ದೇಶದ ರಾಷ್ಟ್ರೀಯ ಪುಸ್ತಕ ಪುರಸ್ಕಾರದ ಅಂತಿಮ ಪಟ್ಟಿಯಲ್ಲಿಯೂ ಸೇರಿತು. ರಾಜಕೀಯ ವರದಿಯೊಂದು ಸಾಹಿತ್ಯದ ಸಾಲಿಗೆ ಬಂದುದರಿಂದ, ಅದನ್ನೂ ಅದರ ಪ್ರತಿವಾದಿಗಳನ್ನೂ ಪ್ರಮಾಣಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡುವುದು ಅನುಚಿತವಾಗಲಾರದು.

ಸರ್ಕಾರವೇ ಈ ಕೃತ್ಯವನ್ನು ಮಾಡಿಸಿತೆಂಬುದು ಪ್ರತಿವಾದಿಗಳ ಪಕ್ಷವು. ಅವರು ಕೊಡುವ ಹೇತುಗಳಲ್ಲಿ ಮೂರು ಮುಖ್ಯವಾದುವು.

ಮೊದಲನೆಯದು, ತರುವಾಯದ ಯುದ್ಧಗಳಿಂದ ಕೆಲವರಿಗೆ ಲಾಭವಾಯಿತೆಂಬುದು. ಇದು ಅನೈಕಾಂತಿಕವು. ತಂದೆಯ ಆಸ್ತಿಯನ್ನು ಪಡೆದ ಮಗನೆಲ್ಲನೂ ಪಿತೃಘಾತಕನಲ್ಲವಷ್ಟೆ.

ಎರಡನೆಯದು, ವಿಮಾನವು ತಾಗದಿದ್ದರೂ ಅದೇ ಸಂಜೆ ಕುಸಿದ 47 ಅಂತಸ್ತಿನ ಕಟ್ಟಡವು. ಬರಿಯ ಬೆಂಕಿಯಿಂದ ಇಂತಹ ಸೌಧವು ಪೂರ್ತಿಯಾಗಿ ಬಿದ್ದುದು ಅದಕ್ಕೆ ಮೊದಲು ಕಂಡಿರಲಿಲ್ಲವೆಂಬುದು ನಿಜ. ಆದರೆ "ಬೆಂಕಿಯಿಂದ ಬೀಳದು" ಎಂಬ ವ್ಯಾಪ್ತಿಯು ಸೋಪಾಧಿಕವಾದುದು. ನೀರಿನ ಸರಬರಾಜು ಕೆಟ್ಟು ಬೆಂಕಿಯು ಸುಮಾರು 7 ಗಂಟೆಗಳ ಕಾಲ ಉರಿಯಿತೆಂದೂ, ನೀಳವಾದ ತೊಲೆಗಳು ಕಾದು ಹಿಗ್ಗಿದುದರಿಂದ ಆಧಾರ ತಪ್ಪಿ ಒಂದು ಕಂಬವು ಬಾಗಿತೆಂದೂ 2008ರಲ್ಲಿ ತಜ್ಞರ ಸಂಸ್ಥೆಯು ನಿರ್ಣಯಿಸಿತು.

ಮೂರನೆಯದೇ ವಿಚಾರಾರ್ಹವಾದುದು, ಅದು ಒಳಗಿನವರ ಮಾತು. ಎಫ್.ಬಿ.ಐ. ಎಂಬ ತನಿಖಾ ಇಲಾಖೆಯ ಮಿನಿಯಾಪೊಲಿಸ್ ಕಚೇರಿಯ ಕೋಲೀನ್ ರೌಲಿ ಎಂಬಾಕೆಯು 2002ನೆಯ ಮೇ ತಿಂಗಳಲ್ಲಿ ತನ್ನ ಮೇಲಧಿಕಾರಿಗೆ ಪತ್ರ ಬರೆದಳು. 2001ನೆಯ ಆಗಸ್ಟಿನಲ್ಲಿ ಸೆರೆಸಿಕ್ಕ ಮೂಸವಿ ಎಂಬವನ ಗಣಕಯಂತ್ರವನ್ನು ಶೋಧಿಸಲು ಪ್ರಧಾನ ಕಚೇರಿಯು ಅಡ್ಡಿಯಾಯಿತೆಂಬುದು ಅದರ ಸಾರವು. ಅದೇ ಇಲಾಖೆಯ ಭಾಷಾಂತರಕಾರ್ತಿ ಸಿಬೆಲ್ ಎಡ್ಮಂಡ್ಸ್ ಅಲ್ಲಿನ ಅಕ್ರಮಗಳನ್ನು ದೂರಿ 2002ರಲ್ಲಿ ಕೆಲಸ ಕಳೆದುಕೊಂಡಳು. ಆಕೆಯ ಮುಖ್ಯ ಆರೋಪಗಳಲ್ಲಿ ಅನೇಕಕ್ಕೆ ಆಧಾರವಿದೆಯೆಂದು ನ್ಯಾಯ ಇಲಾಖೆಯ ಪರಿವೀಕ್ಷಕರೇ 2005ರಲ್ಲಿ ಒಪ್ಪಿದರು.

ಕಂಡುದನ್ನು ಕಂಡಂತೆ ತಿಳಿಸಬಯಸುವವನೇ ಆಪ್ತನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ವಾತ್ಸ್ಯಾಯನನ ಮತವು. ಆದುದರಿಂದ ತಾವು ಕಂಡುದರ ಮಟ್ಟಿಗೆ ಇವರ ಮಾತು ಪ್ರಮಾಣವೇ ಸರಿ. ಆದರೆ ರೌಲಿಯ ಪತ್ರವು ಹೇಳುವುದು ಅಲಕ್ಷ್ಯವನ್ನು. ಅಲಕ್ಷ್ಯದಿಂದ "ತಿಳಿಯದೆ ಹೋಯಿತು" ಎಂದು ಸಿದ್ಧಿಸುವುದೇ ಹೊರತು "ತಿಳಿದು ಮಾಡಿಸಿದರು" ಎಂದಲ್ಲ. ಪ್ರತಿವಾದಿಗಳ ಕೈಯಲ್ಲಿ ಇದು ವಿರುದ್ಧಹೇತುವಾಗಿದೆ. ಅವರು ಸ್ಥಾಲೀಪುಲಾಕನ್ಯಾಯವನ್ನು ನೆಚ್ಚಿ, ಒಂದು ಅಗುಳು ಬೆಂದಿದೆ, ಆದುದರಿಂದ ಎಲ್ಲವೂ ಬೆಂದಿದೆ ಎನ್ನುತ್ತಾರೆ. ಒಂದೇ ಗಡಿಗೆಯಲ್ಲಿ ಒಂದೇ ಉರಿಯ ಮೇಲಿಟ್ಟ ಅಕ್ಕಿಗೆ ಮಾತ್ರ ಆ ನ್ಯಾಯವು ಸಲ್ಲುವುದು. ಬೇರೆ ಬೇರೆ ಬಾಯಿಂದ ಬಂದ ಮಾತುಗಳನ್ನು ಬೇರೆ ಬೇರೆಯಾಗಿಯೇ ಹಿಚುಕಿ ನೋಡಬೇಕು.

ಹೀಗೆಂದ ಮಾತ್ರಕ್ಕೆ ವರದಿಯು ನಿರ್ದೋಷವೆಂದಲ್ಲ. ಎಡ್ಮಂಡ್ಸಳ ಹೆಸರು ಗ್ರಂಥಾಂತ್ಯದ ಟಿಪ್ಪಣಿಯಲ್ಲಿ ಅಡಗಿದೆ. ಇದಕ್ಕೆ ಮುಂಚಿನ ಶಾಸನಸಭೆಯ ವಿಚಾರಣೆಯಲ್ಲಿ, ಸೌದಿ ಅರೇಬಿಯದ ಸಂಬಂಧವನ್ನು ಕುರಿತ 28 ಪುಟಗಳು 2016ರವರೆಗೂ ಗುಪ್ತವಾಗಿದ್ದುವು. ಮುಚ್ಚಿಟ್ಟ ಪುಟದಲ್ಲಿ ಓದುಗನು ತನಗೆ ತೋಚಿದುದನ್ನು ಬರೆದುಕೊಳ್ಳುವನು. ಶಂಕೆಯನ್ನು ಬೆಳೆಸಿದ ಹೊಣೆಯಲ್ಲಿ ಸರ್ಕಾರಕ್ಕೂ ಪಾಲುಂಟು.

ಆದರೂ ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುತ್ತಲೇ ಇರುವುದು ವಿತಂಡವು. "ನಾವು ಪ್ರಶ್ನಿಸುತ್ತೇವೆ, ಅಷ್ಟೆ" ಎಂಬುವರು ಈ ವರ್ಗಕ್ಕೆ ಸೇರಿದವರು. ಇವರ ಗದ್ದಲದಲ್ಲಿ ಅತ್ಯಂತ ನಷ್ಟಪಟ್ಟವರು ಆ ಆಪ್ತರೇ. ಉದ್ಯೋಗವನ್ನು ಪಣವಾಗಿಟ್ಟು ಆಡಿದ ಮಿತವಾದ ಸತ್ಯವು ಅಮಿತವಾದ ಊಹೆಗಳೊಡನೆ ಬೆರೆತು, ಎರಡನ್ನೂ ಒಟ್ಟಿಗೆ ತಳ್ಳಿಹಾಕಲು ಅಧಿಕಾರಿಗಳಿಗೆ ಸುಲಭವಾಯಿತು. ಸಾಕ್ಷಿಯ ವಾಕ್ಯವು ಎಲ್ಲಿಯವರೆಗೆ ಹೋಗುವುದೋ ಅಲ್ಲಿಯವರೆಗೆ ಮಾತ್ರ ಹೋಗಿ ನಿಲ್ಲುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವ ಭಾರವು ಪಾಠ ಹೇಳುವ ನಮ್ಮಂತಹವರ ಮೇಲಿದೆ.