ಬಾರದೇ ಹೋದ ಯಜಮಾನ



ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ ಯುವಜನರಿಗಾಗಿ ಆಗಾಗ ಒಂದು ಚಲನಚಿತ್ರವನ್ನು ತೋರಿಸಿ, ಅನಂತರ ಅದರ ಕುರಿತು ಅರ್ಧ ಗಂಟೆ ಮಾತನಾಡುವ ಪದ್ಧತಿಯುಂಟು. ಈಚೆಗೆ ಹಾಗೆ ತೋರಿಸಿದ್ದು 2009ರಲ್ಲಿ ಬಿಡುಗಡೆಯಾದ ‘ಅಪ್ ಇನ್ ದಿ ಏರ್’ ಎಂಬ ಅಮೆರಿಕದ ಚಿತ್ರವನ್ನು. ಅದನ್ನು ಆರಿಸಿದವರು ಐಟಿ ಕಂಪನಿಗಳಲ್ಲಿ ದುಡಿಯುವ ನಮ್ಮ ತರುಣರೇ. ಚಿತ್ರ ಮುಗಿದು ದೀಪ ಹಾಕಿದ ಮೇಲೆ ಅವರು ನಾಯಕನಟನ ಅಭಿನಯವನ್ನು ಹೊಗಳುತ್ತಿದ್ದಾಗ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು, ಕೈಯೆತ್ತಿ ಕೇಳಿದರು: “ಎಲ್ಲಾ ಸರಿ ಫಾದರ್, ಆದರೆ ಇಷ್ಟು ಜನರನ್ನು ಕೆಲಸದಿಂದ ತೆಗೆದ ಆ ಯಜಮಾನ ಎಲ್ಲಿ? ಅವನು ಒಂದು ಸಲವೂ ಬರಲೇ ಇಲ್ಲವಲ್ಲ?” ಯಾರೂ ಉತ್ತರಿಸಲಿಲ್ಲ. ನನಗೂ ಕೂಡಲೇ ಏನೂ ತೋಚಲಿಲ್ಲ. ಮರುದಿನ ನಾನೊಬ್ಬನೇ ಕುಳಿತು ಚಿತ್ರವನ್ನು ಮತ್ತೊಮ್ಮೆ ನೋಡಿದೆ.

ವಾಲ್ಟರ್ ಕರ್ನ್ 2001ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿ ಜೇಸನ್ ರೈಟ್‌ಮನ್ ನಿರ್ದೇಶಿಸಿದ ಚಿತ್ರವಿದು. ಜಾರ್ಜ್ ಕ್ಲೂನಿ ಅಭಿನಯಿಸಿರುವ ನಾಯಕ ರಯನ್ ಬಿಂಗಮ್‌ನ ಉದ್ಯೋಗವೇ ವಿಚಿತ್ರವಾದದ್ದು. ತಮ್ಮ ನೌಕರರನ್ನು ತೆಗೆದುಹಾಕಬೇಕೆಂದು ನಿರ್ಧರಿಸಿದ, ಆದರೆ ಆ ಮಾತನ್ನು ತಾವೇ ಹೇಳಲು ಧೈರ್ಯವಿಲ್ಲದ ಕಂಪನಿಗಳು ಓಮಾಹಾ ನಗರದ ಒಂದು ಸಂಸ್ಥೆಗೆ ಹಣ ಕೊಡುತ್ತವೆ. ಆ ಸಂಸ್ಥೆ ಈತನನ್ನು ಕಳುಹಿಸುತ್ತದೆ. ಈತ ವಿಮಾನದಲ್ಲಿ ಬಂದಿಳಿದು, ತಾನು ಎಂದೂ ಕಂಡಿರದ ವ್ಯಕ್ತಿಯ ಎದುರು ಕುಳಿತು, ನಿಮ್ಮ ಕೆಲಸ ಇನ್ನಿಲ್ಲ ಎಂದು ತಿಳಿಸಿ, ಒಂದು ಕಡತವನ್ನು ಕೈಗಿತ್ತು, ಮುಂದಿನ ಊರಿಗೆ ಹಾರುತ್ತಾನೆ. ವರ್ಷದ 322 ದಿನ ಪ್ರಯಾಣದಲ್ಲೇ ಕಳೆಯುವ ಈತನ ಜೀವನದ ಗುರಿ ವಿಮಾನಯಾನದಲ್ಲಿ ಒಂದು ಕೋಟಿ ಮೈಲಿಗಳನ್ನು ಕೂಡಿಹಾಕುವುದು. ಚಿತ್ರದ ಹೆಸರಿಗೆ ಆಕಾಶದಲ್ಲಿರುವುದು ಎಂಬ ಅರ್ಥವಿರುವಂತೆಯೇ ಇತ್ತಲೂ ಇಲ್ಲ ಅತ್ತಲೂ ಇಲ್ಲ ಎಂಬ ಧ್ವನಿಯೂ ಇದೆ. ನಮ್ಮ ತ್ರಿಶಂಕುವಿನ ಅವಸ್ಥೆ ಎನ್ನಬಹುದು. (ಪೋಷಕರ ಗಮನಕ್ಕೆ: ನಾಯಕನ ಪ್ರಣಯದ ಭಾಗವೂ ಕೆಲವು ಮಾತುಗಳೂ ಚಿಕ್ಕ ಮಕ್ಕಳೊಂದಿಗೆ ಕುಳಿತು ನೋಡುವಂಥವಲ್ಲ.)

ಚಿತ್ರ ತಯಾರಾದ ಕಾಲವನ್ನು ನೆನೆಯಬೇಕು. 2009ರ ಏಪ್ರಿಲ್‌ನಲ್ಲಿ ಕ್ರೈಸ್ಲರ್, ಜೂನ್‌ನಲ್ಲಿ ಜನರಲ್ ಮೋಟಾರ್ಸ್ ದಿವಾಳಿತನದ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋದವು. ಆ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ನಿರುದ್ಯೋಗದ ಪ್ರಮಾಣ ಶೇಕಡ 10ಕ್ಕೆ ಏರಿತು. ರೈಟ್‌ಮನ್ ಆಗ ಮಾಡಿದ ಒಂದು ಕೆಲಸವೇ ಈ ಚಿತ್ರಕ್ಕೆ ಪ್ರಾಣ ತುಂಬಿದೆ. ಸೇಂಟ್ ಲೂಯಿಸ್ ಮತ್ತು ಡೆಟ್ರಾಯಿಟ್ ನಗರಗಳಲ್ಲಿ ನಿಜವಾಗಿಯೇ ಕೆಲಸ ಕಳೆದುಕೊಂಡಿದ್ದವರನ್ನು ಕರೆಸಿ, ಕ್ಯಾಮೆರಾದ ಮುಂದೆ ಕೂರಿಸಿ, ತಮ್ಮನ್ನು ಕೆಲಸದಿಂದ ತೆಗೆದ ದಿನ ಏನು ಹೇಳಿದಿರಿ, ಅಥವಾ ಏನು ಹೇಳಬೇಕೆಂದಿದ್ದಿರಿ, ಅದನ್ನು ಈಗ ಹೇಳಿ ಎಂದು ಕೇಳಿಕೊಂಡರು. ಅಂಥ ಇಪ್ಪತ್ತಕ್ಕೂ ಹೆಚ್ಚು ಜನ ಚಿತ್ರದಲ್ಲಿದ್ದಾರೆ. ಒಬ್ಬರು ಸಿಡಿಯುತ್ತಾರೆ, ಒಬ್ಬರು ಮಾತು ಹೊರಡದೆ ಮೇಜನ್ನು ನೋಡುತ್ತಾರೆ, ಮತ್ತೊಬ್ಬರು ಮನೆಗೆ ಹೋಗಿ ಹೆಂಡತಿಗೆ ಏನೆಂದು ಹೇಳಲಿ ಎನ್ನುತ್ತಾರೆ. ಇವರ ಸಿಟ್ಟು ಯಾರ ಮೇಲೆ ಬೀಳುತ್ತಿದೆ ಎಂಬುದನ್ನು ಗಮನಿಸಿ. ವರ್ಷಗಟ್ಟಲೆ ದುಡಿಸಿಕೊಂಡವರ ಮೇಲಲ್ಲ. ಬೆಳಿಗ್ಗೆಯಷ್ಟೇ ವಿಮಾನದಿಂದಿಳಿದ ಅಪರಿಚಿತನ ಮೇಲೆ. ಅವನೋ ಎಲ್ಲರಿಗೂ ಒಂದೇ ಕಂಠಪಾಠ ಒಪ್ಪಿಸುತ್ತಾನೆ. ಜಗತ್ತಿನ ದೊಡ್ಡವರೆಲ್ಲ ಒಮ್ಮೆ ನಿಮ್ಮ ಕುರ್ಚಿಯಲ್ಲಿ ಕುಳಿತಿದ್ದವರೇ ಎಂಬ ಅರ್ಥದ ಮಾತು. ಕೇಳುವವರಿಗೆ ಬೇಕಾದದ್ದು ನಾನೇ ಏಕೆ, ಇದನ್ನು ನಿರ್ಧರಿಸಿದವರು ಯಾರು ಎಂಬ ಎರಡೇ ಪ್ರಶ್ನೆಗಳಿಗೆ ಉತ್ತರ. ಅವೆರಡಕ್ಕೂ ಅವನ ಬಳಿ ಉತ್ತರವಿಲ್ಲ. ಉತ್ತರವಿಲ್ಲದವನನ್ನು ಕಳುಹಿಸುವುದೇ ಆ ಏರ್ಪಾಟಿನ ಉದ್ದೇಶ.

ನಮ್ಮ ಹಿರಿಯರು ಕಂಡದ್ದು ಇದನ್ನೇ. ರಯನ್‌ನ ಸ್ವಂತ ಮೇಲಧಿಕಾರಿ ಚಿತ್ರದಲ್ಲಿದ್ದಾನೆ. ದೇಶಕ್ಕೆ ಬಂದ ಕೆಟ್ಟ ಕಾಲವೇ ತಮ್ಮ ಸಂಸ್ಥೆಯ ಸುಗ್ಗಿಯೆಂದು ಹಿಗ್ಗುವವನು. ಆದರೆ ನೌಕರರ ಪಟ್ಟಿಗೆ ಸಹಿ ಹಾಕಿದ ಯಜಮಾನ ಒಂದು ಪಾತ್ರವಾಗಿ ಎಲ್ಲಿಯೂ ಬರುವುದಿಲ್ಲ. ಮೊದಮೊದಲು ಇದನ್ನು ನಾನು ನಿರ್ದೇಶಕರ ಜಾಣತನವೆಂದೇ ಎಣಿಸಿದೆ. ಬಾರದವನನ್ನು ತೋರಿಸದೆಯೇ ತೋರಿಸಿದ್ದಾರೆ ಎನಿಸಿತು. ಎರಡನೆಯ ಸಲ ನೋಡಿದಾಗ ಆ ಅಭಿಪ್ರಾಯ ಅಲುಗಿತು.

ಅಲುಗಿಸಿದ ಪ್ರಸಂಗವನ್ನು ಹೇಳುತ್ತೇನೆ. ರಯನ್‌ನ ಸಂಸ್ಥೆಗೆ ಹೊಸದಾಗಿ ಸೇರಿದ ನ್ಯಾಟಲಿ ಎಂಬ ತರುಣಿ, ಇಷ್ಟೆಲ್ಲ ಪ್ರಯಾಣದ ವೆಚ್ಚವೇಕೆ, ಕಂಪ್ಯೂಟರ್ ಪರದೆಯ ಮೂಲಕವೇ ಜನರನ್ನು ತೆಗೆಯಬಹುದಲ್ಲ ಎಂದು ಸೂಚಿಸುತ್ತಾಳೆ. ರಯನ್ ಒಪ್ಪುವುದಿಲ್ಲ, ಎದುರು ಕುಳಿತು ಹೇಳುವುದರಲ್ಲಿ ಅಷ್ಟಾದರೂ ಮರ್ಯಾದೆ ಉಳಿದಿದೆ ಎಂಬುದು ಅವನ ವಾದ. ಅನುಭವಕ್ಕಾಗಿ ಅವಳನ್ನು ಊರೂರಿಗೆ ಕರೆದೊಯ್ಯುತ್ತಾನೆ. ಒಂದೆಡೆ ಸುದ್ದಿ ಕೇಳಿದ ಹೆಂಗಸೊಬ್ಬಳು, ಸೇತುವೆಯಿಂದ ಹಾರಿ ಸಾಯುವುದಾಗಿ ಬಹು ಶಾಂತವಾಗಿ ಹೇಳುತ್ತಾಳೆ. ಜನ ಹೀಗೆಲ್ಲ ಹೇಳುತ್ತಾರೆ, ಮಾಡುವುದಿಲ್ಲ ಎಂದು ರಯನ್ ತರುಣಿಯನ್ನು ಸಮಾಧಾನಪಡಿಸುತ್ತಾನೆ. ಆದರೆ ಆಕೆ ನುಡಿದಂತೆಯೇ ನಡೆಯುತ್ತಾಳೆ. ನ್ಯಾಟಲಿ ಕೆಲಸ ಬಿಟ್ಟು ಹೋಗುತ್ತಾಳೆ. ಆ ಹೆಂಗಸು ಏನಾದರೂ ಸುಳಿವು ಕೊಟ್ಟಿದ್ದಳೇ ಎಂದು ಮೇಲಧಿಕಾರಿ ವಿಚಾರಿಸಿದಾಗ, ತನಗೆ ಅಂಥದ್ದೇನೂ ನೆನಪಿಲ್ಲವೆಂದು ರಯನ್ ಹೇಳಿಬಿಡುತ್ತಾನೆ.

ಇದು ಚಿತ್ರದ ಅತ್ಯಂತ ಭಯಂಕರ ಕ್ಷಣ. ಯಜಮಾನನ ಮೌನ ದೂತನಿಗೂ ಅಂಟಿಕೊಂಡಿತು. ಆದರೆ ಚಿತ್ರ ಇದರ ಮೇಲೆ ನಿಲ್ಲುವುದೇ ಇಲ್ಲ. ಸತ್ತವಳ ಮನೆಯತ್ತ ಒಮ್ಮೆಯೂ ತಿರುಗುವುದಿಲ್ಲ. ಪ್ರಣಯದಲ್ಲಿ ಮೋಸಹೋದ ನಾಯಕನ ಒಂಟಿತನಕ್ಕೆ ಕೊಟ್ಟ ಸಮಯದ ಒಂದು ಪಾಲನ್ನಾದರೂ ಇವಳಿಗೆ ಕೊಡಬಹುದಿತ್ತು. ಕೊನೆಯಲ್ಲಿ ಆ ನಿಜವಾದ ನಿರುದ್ಯೋಗಿಗಳೇ ಮರಳಿ ಬಂದು, ತಮ್ಮನ್ನು ಉಳಿಸಿದ್ದು ಕುಟುಂಬ, ಮಡದಿ, ಮಕ್ಕಳು ಎನ್ನುತ್ತಾರೆ. ಕುಟುಂಬದ ಮಹಿಮೆಯನ್ನು ನಿತ್ಯ ಸಾರುವ ನಮ್ಮ ಪತ್ರಿಕೆಯವರು ಇದಕ್ಕೆ ತಲೆದೂಗಬೇಕೆಂದು ತಾವು ನಿರೀಕ್ಷಿಸಬಹುದು. ಆ ಜನ ಹೇಳಿದ್ದು ಸತ್ಯ, ನಾನು ತಲೆದೂಗುತ್ತೇನೆ; ಆದರೆ ಅದನ್ನು ಕೊನೆಯ ಮಾತಾಗಿಸಿದ ಚಿತ್ರಕ್ಕೆ ತಲೆದೂಗಲಾರೆ. ಕಂಪನಿ ಇಳಿಸಿದ ಹೊರೆಯನ್ನು ಮನೆಯವರು ಹೊತ್ತರು ಎಂದು ಸಂತೋಷಪಟ್ಟು ನಾವು ಎದ್ದು ಹೋಗುವಂತಾಗುತ್ತದೆ, ಹೊರೆ ಇಳಿಸಿದವನ ನೆನಪೇ ಉಳಿಯುವುದಿಲ್ಲ. ಆರು ಆಸ್ಕರ್ ನಾಮನಿರ್ದೇಶನ ಪಡೆದ, ಒಂದನ್ನೂ ಗೆಲ್ಲದ ಈ ಚಿತ್ರದಲ್ಲಿ ನನಗೆ ಕಂಡ ದೊಡ್ಡ ಕೊರತೆ ಇದೇ.

ಅಷ್ಟಾದರೂ ಅದನ್ನು ಇಂದು ನೋಡಲೇಬೇಕು. ಪರದೆಯ ಮೂಲಕ ಕೆಲಸದಿಂದ ತೆಗೆಯುವುದು 2009ರಲ್ಲಿ ಕಥೆಗಾರರಿಗೆ ಅಮಾನುಷತೆಯ ಕೊನೆಯ ಮೆಟ್ಟಿಲಾಗಿ ಕಂಡಿತ್ತು. 2021ರ ಡಿಸೆಂಬರ್‌ನಲ್ಲಿ ಬೆಟರ್ ಡಾಟ್ ಕಾಮ್ ಎಂಬ ಗೃಹಸಾಲ ಕಂಪನಿಯ ಮುಖ್ಯಸ್ಥ ವಿಶಾಲ್ ಗರ್ಗ್, ಜೂಮ್ ಕರೆಯಲ್ಲಿ ಕೆಲವೇ ನಿಮಿಷಗಳಲ್ಲಿ ಸುಮಾರು 900 ಜನರನ್ನು ಕೆಲಸದಿಂದ ತೆಗೆದರು. ಹಿಂದೊಮ್ಮೆ ಹೀಗೆ ಮಾಡಿದಾಗ ತಾವು ಅತ್ತದ್ದನ್ನೂ ಹೇಳಿಕೊಂಡರು. ಜಗತ್ತೇ ಛೀಮಾರಿ ಹಾಕಿತು. ಅವರು ಕ್ಷಮೆ ಕೇಳಬೇಕಾಯಿತು. ಆದರೂ ಅವರು ಯಜಮಾನರಾಗಿ ತಾವೇ ಮುಖ ತೋರಿಸಿದರು ಎಂಬುದನ್ನು ಮರೆಯುವಂತಿಲ್ಲ. ಕೇಳುವವರಿಗೆ ಮರುಮಾತಿನ ಅವಕಾಶ ಮಾತ್ರ ಇರಲಿಲ್ಲ. 2023ರ ಜನವರಿ 20ರಂದು ಗೂಗಲ್‌ನ ಮಾತೃಸಂಸ್ಥೆ ಸುಮಾರು 12,000 ಹುದ್ದೆಗಳ ಕಡಿತವನ್ನು ಪ್ರಕಟಿಸಿದಾಗ, ಅಮೆರಿಕದ ನೌಕರರಿಗೆ ಸುದ್ದಿ ತಲುಪಿದ್ದು ಇ-ಮೇಲ್‌ನಲ್ಲಿ. ಕಚೇರಿಯ ಖಾತೆ ತೆರೆಯದಿದ್ದಾಗಲೇ ಕೆಲವರಿಗೆ ಸಂಗತಿ ಅರಿವಾಯಿತು. ಮುಖ್ಯಸ್ಥ ಸುಂದರ್ ಪಿಚೈ ಈ ಸ್ಥಿತಿಗೆ ತಂದ ನಿರ್ಧಾರಗಳ ಪೂರ್ಣ ಹೊಣೆ ತಮ್ಮದೆಂದು ಬರೆದರು. ಹೊಣೆ ಹೊತ್ತವರು ಅಲ್ಲಿಯೇ ಉಳಿದರು, ಹೊಣೆಯಿಲ್ಲದವರು ಹೊರಟರು ಎಂದು ನಮ್ಮ ತರುಣನೊಬ್ಬ ಸಭಾಂಗಣದಲ್ಲಿ ಕಹಿಯಾಗಿ ನಕ್ಕ.

ಮೌನಕ್ಕೆ ಕಾರಣಗಳಿವೆ, ಅವನ್ನು ಮುಚ್ಚಿಡುವುದು ನ್ಯಾಯವಲ್ಲ. ಮೊದಲೇ ತಿಳಿಸಿದರೆ ಉಳಿಯಬೇಕಾದ ಜಾಣರೇ ಮೊದಲು ಬಿಟ್ಟು ಹೋಗುತ್ತಾರೆ, ಷೇರಿನ ಬೆಲೆ ಕದಲುತ್ತದೆ, ಆಡಿದ ಒಂದೊಂದು ಮಾತೂ ನಾಳೆ ನ್ಯಾಯಾಲಯದಲ್ಲಿ ಸಾಕ್ಷಿಯಾಗಬಹುದೆಂದು ವಕೀಲರು ಎಚ್ಚರಿಸುತ್ತಾರೆ. ಅಮೆರಿಕದಲ್ಲಿ 1988ರ ಕಾನೂನೊಂದು, ನೂರು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಸಾಮೂಹಿಕ ಕಡಿತಕ್ಕೆ 60 ದಿನ ಮುಂಚೆ ಲಿಖಿತ ಸೂಚನೆ ಕೊಡಬೇಕೆಂದು ವಿಧಿಸುತ್ತದೆ. ಯಾರಾದರೂ ಬಂದು ಮಾತನಾಡಬೇಕೆಂದು ಆ ಕಾನೂನು ಹೇಳುವುದಿಲ್ಲ.

ನನ್ನ ಧರ್ಮಕೇಂದ್ರದ ಒಂದು ಮನೆಯ ಮಗಳು, ಬೆಂಗಳೂರಿನ ಕಂಪನಿಯೊಂದರಲ್ಲಿದ್ದವಳು, ಎರಡು ತಿಂಗಳು ಬರೀ ವದಂತಿಗಳಲ್ಲಿ ಬೆಂದಳು. ದಿನವೂ ಎದುರು ಸಿಗುವ ಮ್ಯಾನೇಜರ್ ಹವಾಮಾನದ ಬಗ್ಗೆ, ಕ್ರಿಕೆಟ್ ಬಗ್ಗೆ ಮಾತನಾಡುತ್ತಿದ್ದರಂತೆ. ಕೊನೆಗೆ ಪತ್ರ ಬಂತು. ಪರಿಹಾರದ ಹಣ ಕಡಿಮೆಯೇನೂ ಇರಲಿಲ್ಲ. ಅವಳ ತಂದೆ ನನ್ನೆದುರು ಕುಳಿತು ಹಣದ ಮಾತೇ ಎತ್ತಲಿಲ್ಲ. “ಆ ಮ್ಯಾನೇಜರ್ ನಮ್ಮ ದೊಡ್ಡ ಮಗಳ ಮದುವೆಗೆ ಬಂದು ಊಟ ಮಾಡಿದವರು ಸ್ವಾಮಿ, ಒಂದು ಫೋನ್ ಮಾಡಬಾರದಿತ್ತೇ?” ಎಂದರು. ಆ ಮ್ಯಾನೇಜರ್‌ಗೂ ಬಾಯಿ ಬಿಡಬೇಡಿ ಎಂಬ ಆಜ್ಞೆ ಇದ್ದಿರಬಹುದು ಎಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ.

ಹೀಗೆ ಸಮಾಧಾನ ಹೇಳಿದ ನಾನು ಯಾರೆಂಬುದನ್ನೂ ಬರೆದುಬಿಡುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಶಾಲೆಯ ಆಡಳಿತ ನನ್ನ ಕೈಯಲ್ಲಿತ್ತು. ಶಾಲೆಯ ವ್ಯಾನನ್ನು ಮಾರಬೇಕಾಯಿತು, ಚಾಲಕನಿಗೆ ಕೆಲಸವಿಲ್ಲವಾಯಿತು. ಪತ್ರಕ್ಕೆ ಸಹಿ ಹಾಕಿದವನು ನಾನು, ಅದನ್ನು ಅವನಿಗೆ ಕೊಟ್ಟವರು ಕಚೇರಿಯ ಗುಮಾಸ್ತರು. ಅವನು ಅಂಗಳದಲ್ಲಿ ಆ ಕಾಗದವನ್ನು ಎರಡು ಸಲ ಓದಿದ್ದನ್ನು ನಾನು ಒಳಗಿನಿಂದ ಕಿಟಕಿಯ ಪರದೆಯ ಸಂದಿಯಲ್ಲಿ ನೋಡಿದೆ. ಅವನು ನನ್ನ ಕೋಣೆಯ ಬಾಗಿಲವರೆಗೆ ಬಂದು, ಸ್ವಲ್ಪ ಹೊತ್ತು ನಿಂತು, ತಟ್ಟದೆ ಹೊರಟುಹೋದ. ರಯನ್‌ನನ್ನು ಕಳುಹಿಸಿದ ಯಜಮಾನ ಚಿತ್ರದಲ್ಲಿ ಬರಲಿಲ್ಲ ಎಂಬುದು ನನಗೆ ಮೊದಲ ಸಲ ಕಾಣದೇ ಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಂದು ಸಭಾಂಗಣಕ್ಕೆ ಬೀಗ ಹಾಕಿ ಹೊರಬಂದಾಗ ಆ ಹಿರಿಯರು ಗೇಟಿನ ಬಳಿ ಕಾಯುತ್ತಿದ್ದರು. ತಾವು ಮೊದಲು ದುಡಿಯುತ್ತಿದ್ದ ಕಾರ್ಖಾನೆಯನ್ನು ಮುಚ್ಚಿದ ದಿನದ ಕಥೆ ಹೇಳಿದರು. ಅಲ್ಲಿಯೂ ಮೊದಲು ಗೇಟಿಗೆ ಒಂದು ಕಾಗದ ಹಚ್ಚಿದ್ದರಂತೆ. ಯೂನಿಯನ್‌ನವರು ಗಲಾಟೆ ಮಾಡಿದ ಮೇಲೆ ಮ್ಯಾನೇಜರ್ ಹೊರಬಂದು, ಎರಡು ಗಂಟೆ ಕಾಲ ನಿಂತು, ಎಲ್ಲರಿಂದಲೂ ಬೈಸಿಕೊಂಡನಂತೆ. ಇವರೂ ಬೈದರಂತೆ. “ಒಳ್ಳೆಯ ಮನುಷ್ಯನೇನಲ್ಲ ಫಾದರ್,” ಎಂದರು. “ಬಾಕಿ ಸಂಬಳ ಬಂದದ್ದು ಎರಡು ವರ್ಷದ ಮೇಲೆ. ಅದೂ ಪೂರ್ತಿಯಲ್ಲ. ಆದರೆ ಅವತ್ತು ನಿಂತಿದ್ದ.”