ದೂರಸಂಪರ್ಕ ಮತ್ತು ಅಂಚೆ: ನಿಯಂತ್ರಣ ಪ್ರಾಧಿಕಾರದ ಸ್ಥಾನವನ್ನು ಕುರಿತು ಒಂದು ವಿಮರ್ಶೆ

ಅಂಚೆ ಮತ್ತು ತಂತಿ ಎಂಬ ಎರಡು ಮಾತುಗಳು ನಮ್ಮ ಜನರ ಬಾಯಲ್ಲಿ ಜೊತೆಜೊತೆಯಾಗಿಯೇ ಬರುತ್ತಿದ್ದ ಕಾಲವೊಂದಿತ್ತು. ಎರಡಕ್ಕೂ ಇಲಾಖೆ ಒಂದೇ. ಅನೇಕ ಊರುಗಳಲ್ಲಿ ಕಟ್ಟಡವೂ ಒಂದೇ. 1985ರಲ್ಲಿ ಆ ಇಲಾಖೆ ಇಬ್ಭಾಗವಾಗಿ ಅಂಚೆ ಇಲಾಖೆ ಮತ್ತು ದೂರಸಂಪರ್ಕ ಇಲಾಖೆ ಎಂದು ಬೇರೆ ಬೇರೆಯಾಯಿತು. 2013ರ ಜುಲೈ ತಿಂಗಳಲ್ಲಿ ತಂತಿಸೇವೆಯೇ ನಿಂತುಹೋಯಿತು. 2023ರ ಡಿಸೆಂಬರಿನಲ್ಲಿ ಸಂಸತ್ತು ಈ ಎರಡು ಕ್ಷೇತ್ರಗಳಿಗೂ ಹೊಸ ಶಾಸನಗಳನ್ನು ಕೊಟ್ಟಿತು: ಒಂದು ದೂರಸಂಪರ್ಕ ಅಧಿನಿಯಮ, ಇನ್ನೊಂದು ಅಂಚೆ ಕಚೇರಿ ಅಧಿನಿಯಮ. ಒಂದೇ ಅಧಿವೇಶನದಲ್ಲಿ ಹುಟ್ಟಿದ ಈ ಅವಳಿ ಶಾಸನಗಳನ್ನು ಹೋಲಿಸಿ ಓದಿದವರಿಗೆ ಒಂದು ವ್ಯತ್ಯಾಸ ಎದ್ದು ಕಾಣದಿರದು. ದೂರಸಂಪರ್ಕಕ್ಕೆ 1997ರಿಂದಲೂ ಒಂದು ನಿಯಂತ್ರಣ ಪ್ರಾಧಿಕಾರ ಉಂಟು. ಅಂಚೆಗೆ ಅಂಥದೊಂದು ಇಲ್ಲ, ಹೊಸ ಶಾಸನವೂ ಅದನ್ನು ಕೊಡಲಿಲ್ಲ. ಈ ವ್ಯತ್ಯಾಸಕ್ಕೆ ಆಧಾರವಿದೆಯೇ ಎಂಬುದನ್ನು ಪರಾಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ನಿಯಂತ್ರಣ ಪ್ರಾಧಿಕಾರವೆಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸಾರ್ವಜನಿಕ ಸೇವೆಯೊಂದರಲ್ಲಿ ಮೂರು ಬಗೆಯ ಕಾರ್ಯಗಳು ಅಡಗಿರುತ್ತವೆ. ಆ ಸೇವೆ ಯಾರಿಗೆ, ಎಷ್ಟರಮಟ್ಟಿಗೆ ದೊರೆಯಬೇಕೆಂಬ ನೀತಿಯನ್ನು ನಿರ್ಧರಿಸುವುದು ಒಂದು; ಆ ಸೇವೆಯನ್ನು ಒದಗಿಸಿ ಹಣ ಪಡೆಯುವುದು ಎರಡನೆಯದು; ಒದಗಿಸುವವನು ನ್ಯಾಯವಾಗಿ ನಡೆದುಕೊಳ್ಳುತ್ತಿರುವನೇ ಎಂದು ನೋಡುವುದು ಮೂರನೆಯದು. ಮೊದಲನೆಯದು ಸರ್ಕಾರದ ಧರ್ಮ, ಎರಡನೆಯದು ಉದ್ಯಮದ ಧರ್ಮ. ಮೂರನೆಯದನ್ನು ಈ ಇಬ್ಬರಿಂದಲೂ ಬೇರೆಯಾದ ಒಬ್ಬನಿಗೆ ಒಪ್ಪಿಸಬೇಕೆಂಬ ವಿವೇಕದಿಂದ ಪ್ರಾಧಿಕಾರದ ಕಲ್ಪನೆ ಹುಟ್ಟಿತು. ಮಾರುವವನ ಕೈಯಲ್ಲಿಯೇ ಅಳತೆಯ ಕೊಳಗವೂ ಇದ್ದರೆ, ಅವನು ಎಷ್ಟೇ ಸತ್ಯವಂತನಾದರೂ, ಕೊಳ್ಳುವವನ ಮನಸ್ಸಿನಲ್ಲಿ ಸಂಶಯ ಉಳಿಯುತ್ತದೆ.

ಹಿಂದಿನ ವ್ಯವಸ್ಥೆಯಲ್ಲಿ ಈ ಮೂರು ಕಾರ್ಯಗಳೂ ಒಂದೇ ಕೈಯಲ್ಲಿದ್ದವು. 1885ರ ಭಾರತೀಯ ತಂತಿ ಅಧಿನಿಯಮವು ತಂತಿಯನ್ನು ಸ್ಥಾಪಿಸಿ ನಡೆಸುವ ಅನನ್ಯ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 1898ರ ಅಂಚೆ ಅಧಿನಿಯಮವು ಕಾಗದಗಳನ್ನು ಸಾಗಿಸುವ ವಿಷಯದಲ್ಲಿ ಅಂಥದೇ ಅಧಿಕಾರವನ್ನು ಕೊಟ್ಟಿತು. ಇದು ಬ್ರಿಟಿಷರ ಹೊಸ ಸೃಷ್ಟಿಯೇನೂ ಅಲ್ಲ. ನಮ್ಮ ಮೈಸೂರು ಸಂಸ್ಥಾನದ ಅಂಚೆ ವ್ಯವಸ್ಥೆಯನ್ನು ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಕೊಂಡೊಯ್ಯುವುದು ವಾಡಿಕೆ. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಗುವವರೆಗೂ ಅದು ಸಂಸ್ಥಾನದ ಸ್ವಂತ ಸೊತ್ತಾಗಿತ್ತು. ಒಡೆತನವೂ ನಿಯಮವೂ ಅರಮನೆಯದೇ. ಓಲೆಯನ್ನು ಹೊರುವವನು ಬೇರೊಬ್ಬನಿಲ್ಲದ ಕಾಲದಲ್ಲಿ ಹೊರುವವರ ನಡುವೆ ನ್ಯಾಯ ಹೇಳುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಆದಕಾರಣ ಆ ವ್ಯವಸ್ಥೆಯನ್ನು ಇಂದಿನ ತಕ್ಕಡಿಯಲ್ಲಿಟ್ಟು ತೂಗುವುದು ಉಚಿತವಲ್ಲ.

ಸನ್ನಿವೇಶ ಬದಲಾದದ್ದು 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯಿಂದ. ಖಾಸಗಿ ಸಂಸ್ಥೆಗಳು ದೂರವಾಣಿ ಸೇವೆಗೆ ಪ್ರವೇಶ ಪಡೆದವು. 1995ರಲ್ಲಿ ಮೊಬೈಲು ದೂರವಾಣಿ ಬಂದಿತು. ಆಗ ಒಂದು ವಿಚಿತ್ರ ಸ್ಥಿತಿ ಒದಗಿತು. ದೂರಸಂಪರ್ಕ ಇಲಾಖೆಯು ತಾನೇ ಸೇವೆಯನ್ನು ಮಾರುತ್ತಿತ್ತು. ತನ್ನ ಪ್ರತಿಸ್ಪರ್ಧಿಗಳಿಗೆ ಪರವಾನಗಿಯನ್ನೂ ತಾನೇ ಕೊಡುತ್ತಿತ್ತು. ಅವರ ಜಾಲವು ತನ್ನ ಜಾಲದೊಡನೆ ಕೂಡಿಕೊಳ್ಳಬೇಕಾದರೆ ಅದರ ಷರತ್ತುಗಳನ್ನೂ ತಾನೇ ವಿಧಿಸಬಹುದಾಗಿತ್ತು. ಈ ಗೊಂದಲಕ್ಕೆ ಪರಿಹಾರವಾಗಿ 1997ರಲ್ಲಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಸ್ಥಾಪಿತವಾಯಿತು. ಆದರೆ ಅದರ ಬಾಲ್ಯ ಸುಖಕರವಾಗಿರಲಿಲ್ಲ. ಪರವಾನಗಿಯ ವಿಷಯದಲ್ಲಿ ಪ್ರಾಧಿಕಾರದ ಶಿಫಾರಸು ಸರ್ಕಾರವನ್ನು ಕಟ್ಟಿಹಾಕಲಾರದೆಂದು ದೆಹಲಿಯ ಉಚ್ಚ ನ್ಯಾಯಾಲಯ 1998ರಲ್ಲಿ ತೀರ್ಪಿತ್ತಿತು. 2000ದಲ್ಲಿ ಶಾಸನಕ್ಕೆ ತಿದ್ದುಪಡಿಯಾಗಿ ಮೊದಲ ಪ್ರಾಧಿಕಾರದ ಸದಸ್ಯರೇ ಅಧಿಕಾರ ಕಳೆದುಕೊಂಡರು. ವ್ಯಾಜ್ಯಗಳನ್ನು ತೀರ್ಮಾನಿಸುವ ಕಾರ್ಯ ಪ್ರತ್ಯೇಕವಾದ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಇಲಾಖೆಯ ಸೇವಾಭಾಗವು ಭಾರತ ಸಂಚಾರ ನಿಗಮವೆಂಬ ಕಂಪನಿಯಾಯಿತು. ಹೀಗೆ ನೀತಿ, ಸೇವೆ, ಮೇಲ್ವಿಚಾರಣೆ, ನ್ಯಾಯನಿರ್ಣಯ ಇವು ನಾಲ್ಕು ಮನೆಗಳಾದವು. ಅವುಗಳ ನಡುವಣ ಗೋಡೆಗಳು ಮಾತ್ರ ಎಲ್ಲೆಡೆಯೂ ಒಂದೇ ಎತ್ತರವಾಗಿರಲಿಲ್ಲ.

ಈ ಪ್ರಾಧಿಕಾರದಿಂದ ಆದ ಲಾಭವನ್ನು ಒಂದು ಉದಾಹರಣೆಯಿಂದ ತೋರಿಸಬಹುದು. ಒಂದು ಸಂಸ್ಥೆಯ ಚಂದಾದಾರ ಇನ್ನೊಂದು ಸಂಸ್ಥೆಯ ಚಂದಾದಾರನಿಗೆ ಕರೆಮಾಡಿದಾಗ ಮೊದಲನೆಯ ಸಂಸ್ಥೆ ಎರಡನೆಯದಕ್ಕೆ ಒಂದು ಶುಲ್ಕ ತೆರಬೇಕಾಗಿತ್ತು. ಈ ಶುಲ್ಕವನ್ನು ಪರಸ್ಪರ ಒಪ್ಪಂದಕ್ಕೆ ಬಿಟ್ಟರೆ, ಹೆಚ್ಚು ಚಂದಾದಾರರುಳ್ಳ ಹಳೆಯ ಸಂಸ್ಥೆ ಹೊಸಬನನ್ನು ಹೊಸಲಿನಲ್ಲಿಯೇ ತಡೆಯಬಲ್ಲುದು. ಪ್ರಾಧಿಕಾರವು ಅದನ್ನು ತಾನೇ ಗೊತ್ತುಮಾಡಿ 2009ರಲ್ಲಿ ನಿಮಿಷಕ್ಕೆ 20 ಪೈಸೆಗೆ, 2015ರಲ್ಲಿ 14 ಪೈಸೆಗೆ, 2017ರಲ್ಲಿ 6 ಪೈಸೆಗೆ ಇಳಿಸಿ, 2021ರ ಜನವರಿಯಿಂದ ರದ್ದುಪಡಿಸಿತು. ಪ್ರತಿಯೊಂದು ಇಳಿತವೂ ಕೆಲವರಿಗೆ ಲಾಭ, ಕೆಲವರಿಗೆ ನಷ್ಟ, ವಿವಾದಗಳೂ ಉಂಟಾದವು. ಆದರೆ ನಿರ್ಧಾರಕ್ಕೆ ಮುನ್ನ ಸಮಾಲೋಚನಾ ಪತ್ರ ಪ್ರಕಟವಾಯಿತು, ಎಲ್ಲರ ಅಭಿಪ್ರಾಯಗಳೂ ದಾಖಲಾದವು, ಕಾರಣಗಳು ಬರಹದಲ್ಲಿ ದೊರೆತವು. 2016ರ ಫೆಬ್ರವರಿಯಲ್ಲಿ ಅಂತರಜಾಲದ ಒಳವಿಷಯವನ್ನು ನೋಡಿ ಬೇರೆ ಬೇರೆ ದರ ವಿಧಿಸಕೂಡದೆಂದು ಪ್ರಾಧಿಕಾರ ನಿಯಮ ಮಾಡಿದಾಗಲೂ ಇದೇ ಕ್ರಮ ನಡೆಯಿತು. ತನ್ನ ವ್ಯವಹಾರದಲ್ಲಿ ಪಾರದರ್ಶಕತೆಯನ್ನು ಕಾಪಾಡಬೇಕೆಂದು ಅದರ ಶಾಸನವೇ ವಿಧಿಸಿದೆ. ಪ್ರಾಧಿಕಾರದ ನಿಜವಾದ ಬೆಲೆ ಇಲ್ಲಿದೆ ಎಂದು ನಾವು ಭಾವಿಸುತ್ತೇವೆ. ಅದು ಯಾವಾಗಲೂ ಸರಿಯಾದ ತೀರ್ಮಾನವನ್ನೇ ಕೊಡುತ್ತದೆಂದಲ್ಲ. ತೀರ್ಮಾನದ ಕಾರಣವನ್ನು ಕೇಳುವ ಹಕ್ಕನ್ನು ಪ್ರಜೆಗೆ ಕೊಡುತ್ತದೆ.

ಇಷ್ಟರಿಂದಲೇ ಪ್ರಾಧಿಕಾರವನ್ನು ಹೊಗಳಿ ಮುಗಿಸಿದರೆ ವಿಮರ್ಶೆ ಏಕಪಕ್ಷೀಯವಾದೀತು. ಪರವಾನಗಿ ಮತ್ತು ತರಂಗಾಂತರಗಳ ವಿಷಯದಲ್ಲಿ ಅದು ಇಂದಿಗೂ ಸಲಹೆಗಾರ ಮಾತ್ರ. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ 122 ಪರವಾನಗಿಗಳನ್ನು ರದ್ದುಗೊಳಿಸಿದಾಗ ಇಲಾಖೆಯ ಕ್ರಮವನ್ನು ಮಾತ್ರವೇ ಅಲ್ಲದೆ ಪ್ರಾಧಿಕಾರದ 2007ರ ಶಿಫಾರಸುಗಳನ್ನೂ ಆಕ್ಷೇಪಿಸಿತು. ಮಧ್ಯದಲ್ಲಿ ಕಡಿದುಹೋದ ಕರೆಗೆ ಒಂದು ರೂಪಾಯಿಯಂತೆ, ದಿನಕ್ಕೆ ಮೂರು ಕರೆಗಳವರೆಗೆ, ಪರಿಹಾರ ಕೊಡಬೇಕೆಂಬ 2015ರ ನಿಯಮವನ್ನು 2016ರಲ್ಲಿ ಅದೇ ನ್ಯಾಯಾಲಯ ಅಸಿಂಧುವೆಂದು ಸಾರಿತು. ತಪ್ಪು ಯಾರದೆಂದು ನೋಡದೆ ದಂಡ ಹೇರುವುದು ನ್ಯಾಯಸಮ್ಮತವಲ್ಲವೆಂಬುದು ಅದರ ಮುಖ್ಯ ಕಾರಣಗಳಲ್ಲಿ ಒಂದು. ಒಂದು ಕಾಲಕ್ಕೆ ಹತ್ತಕ್ಕೂ ಹೆಚ್ಚಿದ್ದ ಸೇವಾಸಂಸ್ಥೆಗಳು ಕ್ರಮೇಣ ಕರಗಿ ಮೂರು ಖಾಸಗಿ ಸಂಸ್ಥೆಗಳೂ ಸರ್ಕಾರೀ ಸಂಸ್ಥೆಯೂ ಮಾತ್ರ ಉಳಿದವು. 2024ರ ಜುಲೈಯಲ್ಲಿ ಆ ಮೂರು ಖಾಸಗಿ ಸಂಸ್ಥೆಗಳೂ ಹೆಚ್ಚುಕಡಮೆ ಒಟ್ಟಿಗೇ ದರ ಏರಿಸಿದವು. ದರವನ್ನು ಸ್ಪರ್ಧೆಗೆ ಬಿಟ್ಟು ತಾನು ತಟಸ್ಥವಾಗಿರುವುದು ಪ್ರಾಧಿಕಾರದ ಬಹುಕಾಲದ ನೀತಿ. ಹತ್ತು ಸಂಸ್ಥೆಗಳಿದ್ದಾಗ ವಿವೇಕವಾಗಿದ್ದ ನೀತಿ ಮೂರೇ ಉಳಿದಾಗಲೂ ವಿವೇಕವೇ ಎಂಬ ಪ್ರಶ್ನೆಯನ್ನು ಅದು ಎದುರಿಸಬೇಕಾಗಿದೆ. 2023ರ ಶಾಸನವು ಖಾಸಗಿ ಉದ್ಯಮದ ಅನುಭವಿಗಳೂ ಪ್ರಾಧಿಕಾರದ ಅಧ್ಯಕ್ಷರಾಗಲು ಅವಕಾಶ ಕಲ್ಪಿಸಿದೆ. ಪರಿಣತಿ ಬೇಕಾದದ್ದೇ; ಆದರೆ ನಿನ್ನೆ ಆಡಿದವನು ಇಂದು ತೀರ್ಪು ಹೇಳುವಾಗ ಅವನ ಮೇಲಣ ಕಣ್ಣು ಇನ್ನಷ್ಟು ಎಚ್ಚರವಾಗಿರಬೇಕು.

ಇನ್ನು ಅಂಚೆಯ ಕಡೆಗೆ ತಿರುಗೋಣ. 1898ರ ಶಾಸನದ ಅನನ್ಯ ಅಧಿಕಾರವು ಕೊನೆಕೊನೆಗೆ ಕಾಗದದ ಮೇಲಣ ಮಾತಾಗಿತ್ತು. ಖಾಸಗಿ ಕೊರಿಯರ್ ಸಂಸ್ಥೆಗಳು ನಗರಗಳಲ್ಲೆಲ್ಲ ಹರಡಿ, ತಾವು ಒಯ್ಯುವುದು ಕಾಗದವಲ್ಲ, ದಸ್ತಾವೇಜು ಎಂಬ ನೆಪದಲ್ಲಿ ವ್ಯವಹರಿಸುತ್ತಿದ್ದವು. 2024ರ ಜೂನ್ 18ರಂದು ಜಾರಿಗೆ ಬಂದ ಹೊಸ ಶಾಸನವು ಆ ಅಧಿಕಾರವನ್ನು ಕೈಬಿಟ್ಟು, ಅಂಚೆಚೀಟಿಯನ್ನು ಹೊರಡಿಸುವ ಹಕ್ಕನ್ನು ಮಾತ್ರ ಇಲಾಖೆಗೆ ಉಳಿಸಿಕೊಂಡಿತು. ಎಂದರೆ, ಇದುವರೆಗೆ ನೆಪದಲ್ಲಿದ್ದ ಮಾರುಕಟ್ಟೆ ಈಗ ಶಾಸನಸಮ್ಮತವಾಯಿತು. ಆದರೆ ಆ ಮಾರುಕಟ್ಟೆಗೆ ಮಧ್ಯಸ್ಥನಿಲ್ಲ. ಅಂಚೆ ಸೇವೆಗಳ ಮಹಾನಿರ್ದೇಶಕರು ಸೇವೆಯನ್ನು ನಡೆಸುವ ಇಲಾಖೆಯ ಮುಖ್ಯಸ್ಥರು. ಸೇವೆಯ ದರಗಳನ್ನೂ ವಿಧಾನಗಳನ್ನೂ ಗೊತ್ತುಪಡಿಸುವ ವಿನಿಯಮಗಳನ್ನು ಮಾಡುವವರೂ ಅವರೇ. ನಿಯಮದಲ್ಲಿ ಹೇಳಿದಷ್ಟರ ಹೊರತು ತನ್ನ ಸೇವೆಯ ಲೋಪಕ್ಕೆ ಇಲಾಖೆ ಹೊಣೆಯಲ್ಲವೆಂಬ ಹಳೆಯ ರಕ್ಷಣೆಯೂ ಮುಂದುವರಿದಿದೆ. ದೂರವಾಣಿಯ ಬಳಕೆದಾರನು ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬಹುದೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಕಾಗದ ಕಳೆದುಕೊಂಡವನ ದಾರಿಯಾದರೋ ಶಾಸನದ ಈ ಬೇಲಿಯನ್ನು ದಾಟಬೇಕು. 2025ರಲ್ಲಿ ನೋಂದಾಯಿತ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ಅದು ಸರಿಯೋ ತಪ್ಪೋ ಎಂಬುದು ಬೇರೆ ಪ್ರಶ್ನೆ. ಅಂಥ ಬದಲಾವಣೆಗೆ ಮುನ್ನ ಕಾರಣಗಳನ್ನು ಮಂಡಿಸಿ, ಜನರ ಮಾತನ್ನು ಕೇಳಲೇಬೇಕೆಂದು ಇಲಾಖೆಯನ್ನು ಬದ್ಧಗೊಳಿಸುವ ಸ್ವತಂತ್ರ ಸಂಸ್ಥೆಯೊಂದಿಲ್ಲ ಎಂಬುದಷ್ಟೇ ನಮ್ಮ ಆಕ್ಷೇಪ.

ಇಲ್ಲಿ ಒಂದು ಶಂಕೆ ಏಳಬಹುದು. ಅಂಚೆ ವ್ಯಾಪಾರವಲ್ಲ, ಸೇವೆ. ಒಂದು ಲಕ್ಷ ಅರವತ್ತು ಸಾವಿರಕ್ಕೂ ಮೀರಿದ ಅಂಚೆ ಕಚೇರಿಗಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಹಳ್ಳಿಗಳಲ್ಲಿವೆ. ವೆಚ್ಚಕ್ಕಿಂತ ಎಷ್ಟೋ ಕಡಮೆ ಬೆಲೆಗೆ ಕಾರ್ಡನ್ನು ಮಾರುತ್ತ ಬಂದ ಇಲಾಖೆಗೆ ಮಾರುಕಟ್ಟೆಯ ಕಾವಲುಗಾರನೇಕೆ? ಈ ವಾದದಲ್ಲಿ ಹುರುಳಿದೆ, ಆದರೆ ಅದು ಸಾಧಿಸುವುದು ವಿರುದ್ಧವಾದ ಸಿದ್ಧಾಂತವನ್ನು. ಸ್ಪರ್ಧೆಯಿರುವಲ್ಲಿ ಅಸಮಾಧಾನಗೊಂಡವನು ಮತ್ತೊಬ್ಬನ ಬಳಿಗೆ ಹೋಗಬಲ್ಲನು. ಲಾಭ ಕಾಣದ ಹಳ್ಳಿಗೆ ಖಾಸಗಿಯವನು ಬರುವುದಿಲ್ಲ; ಅಲ್ಲಿನವನಿಗೆ ಅಂಚೆಯಣ್ಣನ ಹೊರತು ಬೇರೆ ಗತಿಯಿಲ್ಲ. ಬೇರೆ ಗತಿಯಿಲ್ಲದವನಿಗೇ ರಕ್ಷಕನು ಹೆಚ್ಚು ಬೇಕಾದವನು. ಅಲ್ಲದೆ, ಹಳ್ಳಿಯ ಸೇವೆಯಿಂದ ಆಗುವ ನಷ್ಟವೆಷ್ಟು, ಅದನ್ನು ಯಾರು ಭರಿಸಬೇಕು ಎಂಬ ಲೆಕ್ಕವನ್ನು ಸ್ವತಂತ್ರವಾಗಿ ಪರೀಕ್ಷಿಸಿದರೆ ಇಲಾಖೆಗೂ ಹಿತವೇ. ದೂರಸಂಪರ್ಕದಲ್ಲಿ ಇಂಥ ಹೊಣೆಗೆಂದೇ ಸೇವಾಸಂಸ್ಥೆಗಳ ಆದಾಯದಿಂದ ಒಂದು ನಿಧಿಯನ್ನು ಕಟ್ಟಲಾಗಿದೆ. ಅಂಚೆಯ ಕೊರತೆ ಸರ್ಕಾರದ ಆಯವ್ಯಯದಲ್ಲಿ ಒಂದು ಸಾಲಾಗಿ ಕರಗಿಹೋಗುತ್ತದೆ.

ಅನ್ಯದೇಶಗಳ ಅನುಭವವನ್ನೂ ಕಿಂಚಿತ್ ನೋಡಬಹುದು. ಜರ್ಮನಿಯಲ್ಲಿ 1998ರಿಂದ ಒಂದೇ ಪ್ರಾಧಿಕಾರ ಈ ಎರಡು ಕ್ಷೇತ್ರಗಳನ್ನೂ ನೋಡಿಕೊಳ್ಳುತ್ತ ಬಂದಿದೆ. 2005ರಲ್ಲಿ ವಿದ್ಯುತ್ತು ಮತ್ತು ಅನಿಲಗಳೂ, ಮರುವರ್ಷ ರೈಲುಮಾರ್ಗವೂ ಅದರ ಪಾಲಿಗೆ ಬಂದವು. ಕಾಗದದ ಏಕಸ್ವಾಮ್ಯ ಅಲ್ಲಿ 2008ರ ಆರಂಭದಲ್ಲಿ ಕೊನೆಗೊಂಡಿತು. ಆದರೆ ಕಾಗದಗಳಲ್ಲಿ ಶೇಕಡ 95ರಷ್ಟು ಮೂರನೆಯ ಕೆಲಸದ ದಿನದೊಳಗೆ ತಲಪಬೇಕೆಂದು 2024ರ ಶಾಸನ ವಿಧಿಸಿದೆ. ಬ್ರಿಟನ್ನಿನಲ್ಲಿ 2011ರಲ್ಲಿ ಅಂಚೆಯ ಮೇಲ್ವಿಚಾರಣೆ ದೂರಸಂಪರ್ಕ ಪ್ರಾಧಿಕಾರವಾದ ಆಫ್‌ಕಾಮಿಗೆ ಸೇರಿತು. ಹೇಳಿದ ಹೊತ್ತಿಗೆ ಕಾಗದ ಮುಟ್ಟಿಸದ ತಪ್ಪಿಗೆ ರಾಯಲ್ ಮೇಲ್ ಸಂಸ್ಥೆಗೆ ಅದು 2023ರಲ್ಲಿ 56 ಲಕ್ಷ ಪೌಂಡು, 2024ರಲ್ಲಿ 1 ಕೋಟಿ 5 ಲಕ್ಷ ಪೌಂಡು ದಂಡ ವಿಧಿಸಿತು. ದಂಡದಿಂದ ಕಾಗದ ಬೇಗ ಬಂದಿತೇ ಎಂದರೆ, ಎರಡನೆಯ ದಂಡವೇ ಮೊದಲನೆಯದು ಸಾಲದಾಯಿತೆಂಬುದಕ್ಕೆ ಸಾಕ್ಷಿ. ಆದರೂ ವಿಳಂಬವೆಷ್ಟೆಂದು ಅಳೆದು ಬಹಿರಂಗವಾಗಿ ಹೇಳುವವರೊಬ್ಬರು ಅಲ್ಲಿದ್ದರು. ಇನ್ನೊಂದು ಕೊನೆಯಲ್ಲಿ ಡೆನ್ಮಾರ್ಕ್ ಇದೆ. ಅಲ್ಲಿ ಸಾರ್ವತ್ರಿಕ ಸೇವೆಯ ಶಾಸನಬದ್ಧ ಹೊಣೆ 2024ರ ಆರಂಭದಲ್ಲಿ ತೆಗೆದುಹಾಕಲ್ಪಟ್ಟಿತು. ಹಳೆಯ ಅಂಚೆ ಸಂಸ್ಥೆ 2025ರ ಅಂತ್ಯಕ್ಕೆ ಕಾಗದದ ಬಟವಾಡೆಯನ್ನೇ ಬಿಟ್ಟುಬಿಡಲು ನಿಶ್ಚಯಿಸಿತು. ಶಾಸನವು ಹೊಣೆಯನ್ನು ಹೇಳದಿದ್ದರೆ ಸೇವೆ ಸಂಪ್ರದಾಯದ ಬಲದಿಂದ ಮಾತ್ರ ಉಳಿಯಲಾರದು ಎಂಬುದು ಇದರ ಪಾಠ.

ಹಾಗಾದರೆ ನಮ್ಮಲ್ಲಿಯೂ ಈಗಿರುವ ಪ್ರಾಧಿಕಾರಕ್ಕೇ ಅಂಚೆಯನ್ನು ಒಪ್ಪಿಸಬೇಕೇ? ನಾವು ಹಾಗೆ ತಟ್ಟನೆ ಹೇಳಲಾರೆವು. ಕೋಟಿಗಟ್ಟಲೆ ಚಂದಾದಾರರ, ಬಲಿಷ್ಠ ಕಂಪನಿಗಳ ಗದ್ದಲದಲ್ಲಿ ಅಂಚೆಯ ಮೆಲುದನಿ ಕೇಳಿಸದೆ ಹೋಗುವ ಭಯವುಂಟು. ಅದಕ್ಕಿಂತಲೂ ಮುಖ್ಯವಾಗಿ, ಸಲಹೆಯ ಅಧಿಕಾರವೆಷ್ಟು, ಆಜ್ಞೆಯ ಅಧಿಕಾರವೆಷ್ಟು ಎಂಬುದು ಇತ್ಯರ್ಥವಾಗದ ಸಂಸ್ಥೆಗೆ ಹೊಸ ಭಾರ ಹೊರಿಸಿದರೆ ಅರೆ ನಿಯಂತ್ರಣ ಎರಡು ಕಡೆಗೂ ಹಬ್ಬಿದಂತಾದೀತು. ಹೆಸರು ಯಾವುದೇ ಇರಲಿ, ಮೂರು ಕೆಲಸಗಳು ಇಲಾಖೆಯಿಂದ ಹೊರಗೆ ಬರಬೇಕು: ಕಾಗದ ಎಷ್ಟು ದಿನದಲ್ಲಿ ತಲಪುತ್ತದೆಂಬುದನ್ನು ಸ್ವತಂತ್ರವಾಗಿ ಅಳೆದು ಪ್ರಕಟಿಸುವುದು, ದರ ಮತ್ತು ಸೇವೆಯ ಬದಲಾವಣೆಗೆ ಮುನ್ನ ಕಾರಣ ಮಂಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುವುದು, ಕಳೆದುಹೋದ ಕಾಗದಕ್ಕೆ ಇಲಾಖೆಯಾಗಲಿ ಕೊರಿಯರ್ ಸಂಸ್ಥೆಯಾಗಲಿ ಸಮಾನವಾಗಿ ಹೊಣೆಯಾಗುವಂತೆ ಮಾಡುವುದು.

ಅಂಚೆಯ ಕಾಲ ಮುಗಿಯಿತೆಂದು ಹೇಳುವವರಿದ್ದಾರೆ. ಆದರೆ ನ್ಯಾಯಾಲಯದ ಕರೆಯೋಲೆ, ನೌಕರಿಯ ಆದೇಶ ಮುಂತಾದವು ಇಂದಿಗೂ ಅಂಚೆಚೀಲದಲ್ಲಿಯೇ ಸಾಗುತ್ತಿವೆ. ಹಲವೆಡೆ ವೃದ್ಧಾಪ್ಯದ ವೇತನವೂ ಅಂಚೆಯ ಮೂಲಕವೇ ಕೈಸೇರುತ್ತಿದೆ. ಇವು ತಡವಾದರೆ ಒಬ್ಬನ ವಾಯಿದೆ ತಪ್ಪುತ್ತದೆ, ಒಬ್ಬನ ಕೆಲಸ ತಪ್ಪುತ್ತದೆ, ಒಬ್ಬಾಕೆಯ ತಿಂಗಳ ಅಕ್ಕಿ ತಪ್ಪುತ್ತದೆ. ಮಾತು ಕಡಿದುಹೋದ ದೂರವಾಣಿಯವನ ಅಹವಾಲಿಗೆ ಕಿವಿಗೊಡುವ ಸಂಸ್ಥೆಯನ್ನು ಕಟ್ಟಿದ ನಾಡು ಇವರ ಅಹವಾಲಿಗೂ ಒಂದು ಕಿವಿಯನ್ನು ಒದಗಿಸುವುದು ನ್ಯಾಯ. ಅರ್ಥಶಾಸ್ತ್ರ ಮತ್ತು ಆಡಳಿತಶಾಸ್ತ್ರಗಳ ವಿದ್ಯಾರ್ಥಿಗಳು ಈ ಎರಡು ಶಾಸನಗಳನ್ನು ಬಳಿಬಳಿಯಲ್ಲಿಟ್ಟು ಓದಿ, ನಮ್ಮ ಈ ನಿಲುವನ್ನು ಪರೀಕ್ಷಿಸಲಿ ಎಂದು ಹಾರೈಸುತ್ತೇವೆ.