ಕಣ್ಣೀರಿನ ತಕ್ಕಡಿಯಲ್ಲಿ ಕುಣಿತದ ಹಾಡು

1989ರಲ್ಲಿ ಜಪಾನಿನ ಎನ್‌ಎಚ್‌ಕೆ ಪ್ರಸಾರ ಸಂಸ್ಥೆ ನಾಡಿನ ಜನರ ಮೆಚ್ಚಿನ ನೂರು ಹಾಡುಗಳ ಪಟ್ಟಿ ಮಾಡಿತು. ಮೊದಲ ಸ್ಥಾನ ಸಿಕ್ಕಿದ್ದು ‘ಅಕಾತೊಂಬೊ’ಗೆ. ಮಿಕಿ ರೊಫೂ 1921ರಲ್ಲಿ ಬರೆದು, ಯಮಾದಾ ಕೋಸಾಕು 1927ರಲ್ಲಿ ರಾಗ ಕಟ್ಟಿದ, ಕೆಂಪು ಏರೋಪ್ಲೇನ್ ಚಿಟ್ಟೆಯ ಹಾಡು ಅದು. ಜನ ತಮಗೆ ಇಷ್ಟವಾದದ್ದನ್ನು ಆರಿಸಿಕೊಂಡರೆ ನನ್ನ ತಕರಾರಿಲ್ಲ. ನನ್ನನ್ನು ಕೆರಳಿಸುವುದು ಆ ಹಾಡನ್ನು ಮುಂದಿಟ್ಟುಕೊಂಡು ಮತ್ತೆ ಮತ್ತೆ ಕೊಡುವ ತೀರ್ಪು. ಜಪಾನಿನ ಮಕ್ಕಳ ಹಾಡಿಗೆ ಇದೇ ಶಿಖರವಂತೆ. ಕೈ ಕೈ ಹಿಡಿದು ಸುತ್ತುವ, ಚಪ್ಪಾಳೆ ತಟ್ಟಿ ಜಿಗಿಯುವ ಹಾಡುಗಳೆಲ್ಲ ಶಿಶುವಿಹಾರದ ಕಾಲಕ್ಷೇಪವಂತೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಯಾರ ಪಕ್ಷ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ: ಮಟ್ಟುಗಾರ ನಕಯಾಮಾ ಶಿಂಪೇಯ ಪಕ್ಷ.

‘ಅಕಾತೊಂಬೊ’ ಚೆಲುವಾದ ಹಾಡು. ಆದರೆ ಅದು ಯಾರ ಹಾಡು? ತನ್ನನ್ನು ಬೆನ್ನಿಗೆ ಕಟ್ಟಿಕೊಂಡು ಆಡಿಸಿದ ಹುಡುಗಿ ಹದಿನೈದಕ್ಕೇ ಮದುವೆಯಾಗಿ ಹೋದಳೆಂದು ಬೆಳೆದ ಗಂಡಸೊಬ್ಬ ಸಂಜೆಯ ಹೊತ್ತು ನೆನೆದುಕೊಳ್ಳುವ ಹಾಡು. ಅದರಲ್ಲಿರುವ ಸ್ವರಗಳು ನಮ್ಮ ಮೋಹನದವು, ಐದೇ ಐದು. ಸಂಚಾರ ಮಾತ್ರ ಮಂದ್ರ ಪಂಚಮದಿಂದ ತಾರ ಷಡ್ಜದವರೆಗೆ. ಐದು ವರ್ಷದ ಮಗು ಅಷ್ಟು ಕೆಳಗಿಳಿದು ಅಷ್ಟು ಮೇಲೇರುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಬರ್ಲಿನ್ನಿನಲ್ಲಿ ಕಲಿತು ಬಂದ ಯಮಾದಾ ಕಚೇರಿಯ ಗಾಯಕನ ಕಂಠಕ್ಕೆ ಬರೆದ. ಮಗು ಅಲ್ಲಿ ವಿಷಯ ಮಾತ್ರ, ಹಾಡುವುದು ದೊಡ್ಡವರು.

ಈ ತೀರ್ಪಿನ ಬೇರು ಹಳೆಯದು. 1872ರ ಶಿಕ್ಷಣ ಶಾಸನ ಹಾಡನ್ನು ಪಾಠಪಟ್ಟಿಗೆ ಸೇರಿಸಿತು, ಸದ್ಯಕ್ಕೆ ಬೇಡ ಎಂದೂ ಅದೇ ಉಸಿರಿನಲ್ಲಿ ಹೇಳಿತು. 1879ರಲ್ಲಿ ಸಂಗೀತ ಅಧ್ಯಯನಕ್ಕೆ ಸರ್ಕಾರಿ ಕಚೇರಿಯೇ ಹುಟ್ಟಿತು. ಇಸಾವಾ ಶೂಜಿ ಅದರ ಮುಖ್ಯಸ್ಥ. ಮರುವರ್ಷ ಬಾಸ್ಟನ್ನಿನಿಂದ ಸಂಗೀತದ ಮೇಷ್ಟ್ರು ಲೂಥರ್ ವೈಟಿಂಗ್ ಮೇಸನ್ ಬಂದ. ಪರದೇಶದ ಮಟ್ಟುಗಳಿಗೆ ನೀತಿಯ ಮಾತು ಹೊಂದಿಸಿದ ಶಾಲಾಗೀತೆಗಳು, ಅಂದರೆ ‘ಶೋಕಾ’, ತಯಾರಾದವು. ಇದರಿಂದ ಬೇಸತ್ತ ಲೇಖಕ ಸುಜುಕಿ ಮಿಯೆಕಿಚಿ 1918ರಲ್ಲಿ ‘ಅಕಾಯ್ ತೊರಿ’ ಪತ್ರಿಕೆ ತೆಗೆದ. ಕಿತಹಾರಾ ಹಕುಶೂ, ಸಾಯ್ಜೋ ಯಾಸೊರಂಥ ಕವಿಗಳು ಮಕ್ಕಳಿಗಾಗಿ ಬರೆದರು. ‘ದೋಯೋ’ ಎಂಬ ಪಂಥ ಬೆಳೆಯಿತು. ಮಕ್ಕಳಿಗೆ ಕವಿತೆ ಕೊಟ್ಟ ಪುಣ್ಯ ಆ ಪಂಥದ್ದೇ, ಅದನ್ನು ಅಲ್ಲಗಳೆಯಲಾರೆ. ಆದರೆ 1920ರಲ್ಲಿ ಮಟ್ಟುಗಾರ ಮೊತೊವೊರಿ ನಾಗಯೊ ತನ್ನ ಪುಟ್ಟ ಮಗಳು ಮಿದೊರಿಯನ್ನು ವೇದಿಕೆಯ ಮೇಲೆ ನಿಲ್ಲಿಸಿ ಹಾಡಿಸಿದ ಮೇಲೆ ಪಂಥದ ದಾರಿಯೇ ಬದಲಾಯಿತು. ಒಂದು ಮಗು ಹಾಡುವುದು, ನೂರು ಮಂದಿ ಕೈಕಟ್ಟಿ ಕೂತು ಕೇಳುವುದು ರೂಢಿಯಾಯಿತು.

ಶಿಂಪೇ ಈ ಗುಂಪಿನಲ್ಲಿದ್ದೂ ಇದಕ್ಕೆ ಹೊರಗಿನವನು. 1887ರಲ್ಲಿ ನಾಗಾನೊ ಸೀಮೆಯ ಹಳ್ಳಿಯಲ್ಲಿ ಹುಟ್ಟಿದ. ಟೋಕಿಯೊದಲ್ಲಿ ರಂಗಕರ್ಮಿ ಶಿಮಾಮುರಾ ಹೋಗೆತ್ಸುವಿನ ಮನೆಯಲ್ಲಿ ಕೆಲಸಕ್ಕಿದ್ದುಕೊಂಡೇ ಓದಿದ, ಆಮೇಲೆ ಅಸಾಕುಸಾದ ಪ್ರಾಥಮಿಕ ಶಾಲೆಯಲ್ಲಿ ಸಂಗೀತದ ಮೇಷ್ಟ್ರಾದ. 1914ರಲ್ಲಿ ಟಾಲ್‌ಸ್ಟಾಯ್ ಕಾದಂಬರಿಯ ನಾಟಕರೂಪಕ್ಕೆಂದು ಅವನು ಕಟ್ಟಿದ ‘ಕಚೂಶಾ’ ಹಾಡು ಬೀದಿ ಬೀದಿಯಲ್ಲೂ ಕೇಳಿಸಿತು. ಅಲ್ಲಿಂದ ಅವನಿಗೆ ಅಂಟಿದ ಹೆಸರು ಜನಪ್ರಿಯ ಮಟ್ಟುಗಾರ ಎಂದು. ಪಂಡಿತರು ಇವತ್ತಿಗೂ ಅದನ್ನು ಕಳಚಿಲ್ಲ. ಹಗಲೆಲ್ಲ ತರಗತಿಯಲ್ಲಿ ಮಕ್ಕಳ ಗಂಟಲು ಎಲ್ಲಿ ಸೋಲುತ್ತದೆ, ಕಾಲು ಯಾವಾಗ ತಾನಾಗಿ ಕುಣಿಯುತ್ತದೆ ಎಂದು ಕಣ್ಣಾರೆ ಕಂಡವನು ಅವನೆಂಬುದನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ.

1925ರಲ್ಲಿ ಹಕುಶೂವಿನ ಕವಿತೆಗೆ ಅವನು ಕಟ್ಟಿದ ‘ಅಮೆಫುರಿ’ಯನ್ನೇ ನೋಡಿ. ಮಳೆಯಲ್ಲಿ ಅಮ್ಮ ಕೊಡೆ ಹಿಡಿದು ಕರೆದೊಯ್ಯಲು ಬರುತ್ತಾಳೆ, ಅಷ್ಟೇ ಕಥೆ. ಮಟ್ಟಿನ ಓಟ ಕಪ್ಪೆಯ ಜಿಗಿತದಂತೆ ಒಂದು ಉದ್ದ, ಒಂದು ಗಿಡ್ಡ. ಜಪಾನೀಯರು ಈ ನಡೆಯನ್ನು ‘ಪ್ಯೊಂಕೊ ಬುಶಿ’ ಎನ್ನುತ್ತಾರೆ, ಕುಪ್ಪಳಿಸುವ ವರಸೆ ಎಂದರ್ಥ. ಕೊನೆಗೆ ನೀರು ಚಿಮ್ಮುವ ಸದ್ದಿನ ಅಕ್ಷರಗಳು ಬರುತ್ತವೆ. ಅಲ್ಲಿಗೆ ಬಂದಾಗ ನಿಂತಲ್ಲೇ ನಿಲ್ಲುವ ಮಗುವಿಲ್ಲ. ಹೆಜ್ಜೆ ಹೇಳಿಕೊಡಬೇಕಾಗಿಲ್ಲ, ಮಟ್ಟೇ ಹೇಳಿಕೊಡುತ್ತದೆ.

ಶಿಂಪೇಯ ನಿಜವಾದ ಎತ್ತರ ತಿಳಿಯಬೇಕಾದರೆ ಕವಿ ನೊಗುಚಿ ಉಜೋ ಬರೆದ ತನುಕಿಗಳ ಹಾಡಿಗೆ ಬರಬೇಕು. ತನುಕಿ ಎಂದರೆ ನಾಯಿಯ ಜಾತಿಗೆ ಸೇರಿದ ಒಂದು ಕಾಡುಪ್ರಾಣಿ. ಹೊಟ್ಟೆಯನ್ನೇ ಡೋಲು ಮಾಡಿ ಬಾರಿಸುತ್ತದೆಂಬುದು ಅಲ್ಲಿನ ಜನಪದರ ನಂಬಿಕೆ. ಚಿಬಾ ಸೀಮೆಯ ಕಿಸರಾಜು ಊರಿನ ಶೋಜೋಜಿ ಎಂಬ ಬೌದ್ಧ ಗುಡಿಯಲ್ಲಿ ಒಂದು ಐತಿಹ್ಯವಿದೆ. ಬೆಳದಿಂಗಳಲ್ಲಿ ತನುಕಿಗಳು ಅಂಗಳಕ್ಕೆ ಬಂದು ಹೊಟ್ಟೆ ಬಾರಿಸಿ ಕುಣಿದವು. ಗುಡಿಯ ಗುರುವೂ ಅವುಗಳ ಜೊತೆ ಸೇರಿದ. ಕೆಲವು ರಾತ್ರಿ ಪಂತ ನಡೆಯಿತು. ಕಡೆಗೆ ಹಿರಿಯ ತನುಕಿ ಹೊಟ್ಟೆ ಒಡೆದು ಸತ್ತುಬಿದ್ದಿತ್ತು. ಅದರ ಸಮಾಧಿ ದಿಬ್ಬ ಇವತ್ತಿಗೂ ಗುಡಿಯಲ್ಲಿದೆ.

ಕಣ್ಣೀರಿನ ಕವಿಗೆ ಇಂಥ ಮುಕ್ತಾಯ ಹಬ್ಬದೂಟ. ಉಜೋ ಮತ್ತು ಶಿಂಪೇ ಅದನ್ನು ಮುಟ್ಟಲಿಲ್ಲ. ಅವರ ಹಾಡಿನಲ್ಲಿ ಸಾವಿಲ್ಲ, ಗುರುವಿಗೆ ಸೋಲಬೇಡಿ, ಎಲ್ಲರೂ ಹೊರಗೆ ಬನ್ನಿ ಎಂಬ ಕೂಗು ಮಾತ್ರ ಇದೆ. ಶಿಂಪೇ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಪದಗಳ ಮೊದಲ ಅಕ್ಷರವನ್ನು ಮತ್ತೆ ಮತ್ತೆ ನುಡಿಸಿ ಕವಿತೆಯಿಂದಲೇ ಡೋಲಿನ ಪೆಟ್ಟು ಹೊರಡಿಸಿದ. ಕವಿಯ ಸಾಲನ್ನು ಮುರಿದ ಎಂದು ದೂರುವವರಿದ್ದಾರೆ. ಹೌದು, ಮುರಿದ, ಮುರಿದದ್ದರಿಂದಲೇ ಅದು ಕಾಲಿಗಿಳಿಯಿತು. 1946ರಲ್ಲಿ, ಸೋತು ಸುಣ್ಣವಾಗಿದ್ದ ನಾಡಿಗೆ ಹಿರಕಾವಾ ತದಾಯಿಚಿ ರೇಡಿಯೊದಲ್ಲಿ ಇಂಗ್ಲಿಷ್ ಕಲಿಸಲು ಹೊರಟಾಗ ಆರಂಭಗೀತೆಗೆ ಆರಿಸಿಕೊಂಡದ್ದು ಇದೇ ಮಟ್ಟನ್ನು. 1955ರಲ್ಲಿ ಅಮೆರಿಕದ ಅರ್ಥಾ ಕಿಟ್ ಇದನ್ನು ಹಾಡಿದಳು. ಮಾತು ಬದಲಾದರೂ ಕುಣಿತ ಉಳಿಯಿತು.

ಶಿಂಪೇಯ ಮೇಲಿನ ಗಟ್ಟಿಯಾದ ಆಕ್ಷೇಪವನ್ನು ಮುಚ್ಚಿಡಬಾರದು. ಜಾನಪದ ಸಂಗೀತವನ್ನು ಶೋಧಿಸಿದ ಕೊಯಿಜುಮಿ ಫುಮಿಯೊ 1950ರ ದಶಕದ ಕೊನೆಯಲ್ಲಿ ನಮ್ಮ ದೇಶಕ್ಕೂ ಬಂದು ಇಲ್ಲಿನ ಸಂಗೀತ ಕಲಿತವನು. ಬೀದಿಯ ಮಕ್ಕಳು ತಾವಾಗಿ ಹಾಡುವ ‘ವರಬೆ ಉತಾ’ಗಳನ್ನು ತನ್ನ ವಿದ್ಯಾರ್ಥಿಗಳೊಂದಿಗೆ ಸಂಗ್ರಹಿಸಿ, ಅವುಗಳ ಸ್ವರಕಟ್ಟು ಶಾಲೆಯ ಸರಿಗಮಕ್ಕಿಂತ ಬೇರೆಯೆಂದು ತೋರಿಸಿಕೊಟ್ಟ. ಆ ಕಟ್ಟು ನಮ್ಮ ಕಿವಿಗೆ ಶುದ್ಧ ಧನ್ಯಾಸಿಗೆ ಹತ್ತಿರ. ಈ ಅಳತೆ ಹಿಡಿದರೆ ಶಿಂಪೇ ಎಡಬಿಡಂಗಿ. ಪಶ್ಚಿಮದ ಮೇಜರ್ ಶ್ರೇಣಿಯಲ್ಲಿ ನಾಲ್ಕನೆಯ ಮತ್ತು ಏಳನೆಯ ಸ್ವರ ತೆಗೆದು ಉಳಿದದ್ದರಲ್ಲಿ ಅವನ ವ್ಯಾಪಾರ. ನಾನು ಈ ಅಳತೆಯನ್ನೇ ಒಪ್ಪುವುದಿಲ್ಲ. ಸ್ವರ ಎಲ್ಲಿಂದ ಬಂತೆಂದು ಮಗು ಕೇಳುವುದಿಲ್ಲ. ಪಕ್ಕದವನ ಕೈ ಹಿಡಿಯಲು ಎಡೆ ಇದೆಯೇ ಎಂದು ನೋಡುತ್ತದೆ. ‘ಕಾಗೊಮೆ’ ಎಂಬ ವರಬೆ ಉತಾದಲ್ಲಿ ಕಣ್ಣುಮುಚ್ಚಿ ಕೂತವನ ಸುತ್ತ ಹುಡುಗರು ತಿರುಗುತ್ತಾರೆ, ಹಾಡು ನಿಂತಾಗ ಬೆನ್ನ ಹಿಂದೆ ಯಾರಿದ್ದಾರೆಂದು ಕೂತವನು ಹೇಳಬೇಕು. ಆ ಸುತ್ತನ್ನು ಶಾಲೆ ಮುರಿಯಿತು, ವೇದಿಕೆಯೂ ಮುರಿಯಿತು. ಮತ್ತೆ ಜೋಡಿಸಿದವನು ಶಿಂಪೇ. 1933ರಲ್ಲಿ ಅವನದೇ ‘ಟೋಕಿಯೊ ಒಂದೊ’ಗೆ ದೊಡ್ಡವರೂ ಸುತ್ತುಗಟ್ಟಿ ಕುಣಿದರು. ಇಂದಿಗೂ ಬೇಸಿಗೆಯ ಬೊನ್ ಹಬ್ಬದ ಕುಣಿತದಲ್ಲಿ ಅದು ಕೇಳಿಸುತ್ತದೆ.

ಇಷ್ಟಾದರೂ ಅವನ ಹಾಡು ಗಂಭೀರವೆನಿಸಬೇಕಾದರೆ ಜನರಿಗೆ ಒಂದು ಹೆಣ ಬೇಕು. ಸೋಪಿನ ಗುಳ್ಳೆಯ ಹಾಡು ‘ಶಾಬೊಂದಾಮಾ’ ಉಜೋ ಕಳೆದುಕೊಂಡ ಕೂಸಿನ ಮೇಲೆ ಬರೆದದ್ದೆಂದು ಲೋಕರೂಢಿ ಹೇಳುತ್ತದೆ. ಆ ಕಥೆ ಕೇಳಿದ ಮೇಲೆಯೇ ಹಾಡಿಗೆ ತಲೆಬಾಗುತ್ತಾರೆ. ಬೇರೆಯವರ ಹಾಡುಗಳಿಗೂ ಇದೇ ಗತಿ. ‘ಅಕಾಯ್ ಕುತ್ಸು’ ಹಾಡಿನ ಕೆಂಪು ಬೂಟಿನ ಹುಡುಗಿಗೆ ಯೊಕೊಹಾಮಾದ ಉದ್ಯಾನದಲ್ಲಿ ಪ್ರತಿಮೆಯೇ ಇದೆ. ‘ಕಾಗೊಮೆ’ಗೂ ಶಿರಚ್ಛೇದ, ಗರ್ಭಪಾತ ಎಂದು ಕರಾಳ ಅರ್ಥಗಳನ್ನು ಹೊಲಿದಿದ್ದಾರೆ. 2018ರಲ್ಲಿ ಯೊನೆಜು ಕೆನ್ಶಿ ಬರೆದು ಐವರು ಮಕ್ಕಳು ಹಾಡಿ ಕುಣಿದ ‘ಪಾಪ್ರಿಕಾ’ ಮರುವರ್ಷ ಜಪಾನ್ ರೆಕಾರ್ಡ್ ಪ್ರಶಸ್ತಿ ಗೆದ್ದಿತು, ನಾಡಿನ ಮಕ್ಕಳೆಲ್ಲ ಅದಕ್ಕೆ ಕುಣಿದರು. ಅದರಲ್ಲೂ ಸತ್ತ ಗೆಳೆಯನ ಸುಳಿವು ಹುಡುಕುವವರು ಹುಟ್ಟಿಕೊಂಡರು.

ಇದು ಜಪಾನೀಯರ ರೋಗ ಮಾತ್ರವಲ್ಲ. ಕರುಣವೊಂದೇ ರಸವೆಂದ ಭವಭೂತಿಯ ವಾರಸುದಾರರಾದ ನಮಗೂ ಇದೆ. ಅಳಿಸಿದ್ದು ಕಲೆ, ಕುಣಿಸಿದ್ದು ಹುಡುಗಾಟ ಎಂದು ನಾವೂ ವಿಭಾಗ ಮಾಡಿಟ್ಟುಕೊಂಡಿದ್ದೇವೆ. ಅಳುವುದಕ್ಕೆ ಒಬ್ಬನೇ ಸಾಕು, ಕುರ್ಚಿಯ ಮೇಲೆ ಕೂತೇ ಅಳಬಹುದು. ಸುತ್ತು ಕುಣಿತಕ್ಕೆ ನಾಲ್ಕು ಜನ ಬೇಕು. ಸೋತವನನ್ನೂ, ತಾಳ ತಪ್ಪುವವನನ್ನೂ, ದನಿಯೇ ಇಲ್ಲದವನನ್ನೂ ಒಳಗೆ ಬಿಟ್ಟುಕೊಳ್ಳಬೇಕು. ಇಷ್ಟೆಲ್ಲ ಮಂದಿಯನ್ನು ಒಂದೇ ಹೆಜ್ಜೆಗೆ ತರುವ ಮಟ್ಟು ಕಟ್ಟುವುದು ಒಬ್ಬನ ಕಣ್ಣು ತೇವ ಮಾಡುವುದಕ್ಕಿಂತ ಕಷ್ಟದ ಕೆಲಸ. ಆ ಕಷ್ಟವನ್ನು ಗೆದ್ದ ಶಿಂಪೇಗೆ ಯಮಾದಾನಿಗಿಂತ ಮೇಲಿನ ಪೀಠ ಸಲ್ಲಬೇಕು. ಮಕ್ಕಳ ಹಾಡನ್ನು ತೂಗುವವರು ಮೊದಲು ಎದ್ದು ನಿಂತು, ಕೈ ಚಾಚಿ, ಆ ಸುತ್ತಿನೊಳಗೆ ಸೇರಿ ನೋಡಲಿ.

ಕಿಸರಾಜುವಿನ ಗುಡಿಯಲ್ಲಿ ಪ್ರತಿ ವರ್ಷ ಅಕ್ಟೋಬರಿನಲ್ಲಿ ತನುಕಿ ಹಬ್ಬ ನಡೆಯುತ್ತದೆ. ಊರಿನ ಮಕ್ಕಳು ಆ ಸಮಾಧಿ ದಿಬ್ಬವಿರುವ ಅಂಗಳದಲ್ಲಿ ಶಿಂಪೇಯ ಹಾಡಿಗೆ ಕುಣಿಯುತ್ತಾರೆ.